ಠಾಣೆ ಬೀದಿಯ ಭರ್ತಿರಾಯ

ನನ್ನ ಮೈದುನನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ. ಸಂಬಳದ ಚೀಟಿ ಬಿಟ್ಟರೆ ಅದನ್ನು ಈಗ ಯಾರೂ ಹೇಳುವುದಿಲ್ಲ. ಎಲ್ಲರ ಬಾಯಲ್ಲೂ ಅವನು ಭರ್ತಿರಾಯ. ಕಾಗದದಲ್ಲಿ ಒಂದು ಚೌಕ ಖಾಲಿ ಕಂಡರೆ ಅವನಿಗೆ ಊಟ ಸೇರುವುದಿಲ್ಲ. ಗೊತ್ತಿದ್ದರೆ ಗೊತ್ತಿದ್ದದ್ದನ್ನು ಬರೆಯುತ್ತಾನೆ, ಗೊತ್ತಿಲ್ಲದಿದ್ದರೆ ತೋಚಿದ್ದನ್ನು. ಒಟ್ಟಿನಲ್ಲಿ ಚೌಕ ಭರ್ತಿಯಾಗಬೇಕು.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವನಿನ್ನೂ ಶಾಲೆಗೆ ಹೋಗುತ್ತಿದ್ದ. ಪರೀಕ್ಷೆಯಲ್ಲಿ ನಕ್ಷೆ ಕೊಟ್ಟು ನದಿಗಳನ್ನು ಗುರುತಿಸಿ ಎಂದಿದ್ದರಂತೆ. ಅವನಿಗೆ ಗೊತ್ತಿದ್ದದ್ದು ಎರಡೇ. ಆದರೆ ನಕ್ಷೆಯ ಬಲಗಡೆ ತೀರಾ ಬೋಳು ಬೋಳಾಗಿ ಕಂಡಿತಂತೆ. ಬೆಟ್ಟದಿಂದ ಸಮುದ್ರದವರೆಗೆ ತಾನೇ ಒಂದು ನದಿ ಹರಿಸಿ ಬಂದ. ಮೇಷ್ಟ್ರು ನಕ್ಕು, ಪ್ರಯತ್ನಕ್ಕೆ ಎಂದು ಅರ್ಧ ಅಂಕ ಕೊಟ್ಟರು. ಹುಡುಗನನ್ನು ಹಾಳು ಮಾಡಿದ್ದು ಆ ಅರ್ಧ ಅಂಕವೇ ಎಂದು ನಾನು ಇವತ್ತಿಗೂ ಹೇಳುತ್ತೇನೆ. ದೊಡ್ಡವನಾದ ಮೇಲೆ ಹೆಣ್ಣು ನೋಡೋಣ ಎಂದು ವಧೂವರರ ಕೇಂದ್ರದಿಂದ ಅರ್ಜಿ ತಂದರೆ, ಹವ್ಯಾಸ ಎನ್ನುವ ಕಡೆ 'ಗಾಯನ' ಎಂದು ಬರೆದ. ಹೆಣ್ಣಿನ ಕಡೆಯವರು ಒಂದು ಹಾಡು ಹೇಳಿ ಎಂದರು. ಹೇಳಿದ. ಇವತ್ತಿಗೂ ಬ್ರಹ್ಮಚಾರಿಯಾಗಿಯೇ ಇದ್ದಾನೆ.

ಇಂಥವನಿಗೆ ದೇವರು ಎಲ್ಲಿ ಕೆಲಸ ಕೊಡಬೇಕು ಹೇಳಿ? ಒಂದು ಮಾತು ಹೆಚ್ಚುಕಡಿಮೆಯಾದರೆ ಒಬ್ಬರ ಬಾಳು ಬುಡಮೇಲಾಗುವ ಕಡೆಯೇ ಕೊಟ್ಟ. ಪೊಲೀಸ್ ಠಾಣೆಯಲ್ಲಿ ಜನ ಬಂದು ಹೇಳುವ ದೂರನ್ನು ಕಂಪ್ಯೂಟರಿಗೆ ಹತ್ತಿಸುವ ಕೆಲಸ. ಠಾಣೆ ಇರುವುದು ನನ್ನ ಹೊಲಿಗೆ ಅಂಗಡಿಯ ಎದುರಿಗೇ. ಕೆಳಗೆ ಅಂಗಡಿ, ಮೇಲೆ ನಮ್ಮ ಮನೆ. ಮನೆಯಲ್ಲಿ ನಾನು, ನಲ್ಲಿ ರಿಪೇರಿ ಮಾಡುವ ನನ್ನ ಗಂಡ, ಜೊತೆಗೆ ಈ ಮಹಾನುಭಾವ. ಮಷೀನಿನ ಮುಂದೆ ಕೂತು ತಲೆ ಎತ್ತಿದರೆ ಠಾಣೆಯ ಕಿಟಕಿಯಲ್ಲಿ ಅವನ ಬೋಳುತಲೆ ಕಾಣುತ್ತದೆ.

ಮೇಲಿನವರು ಒಂದು ಹೊಸ ಏರ್ಪಾಟು ಮಾಡಿದ್ದರು. ದೂರು ಹತ್ತಿಸುವಾಗ 'ಸ್ಥಳ' ಎನ್ನುವ ಚೌಕ ತುಂಬಲೇಬೇಕು. ತುಂಬದಿದ್ದರೆ ಕಂಪ್ಯೂಟರ್ ಕೀಂಯ್ ಎಂದು ಅರಚಿಕೊಂಡು ಅಲ್ಲೇ ನಿಂತುಬಿಡುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಆದರೆ ದೂರು ಕೊಡಲು ಬರುವವರ ಕಥೆ ಬೇರೆ. ಒಂದು ದಿನ ನಾನು ಅವನ ಊಟದ ಡಬ್ಬಿ ಕೊಡಲು ಹೋದಾಗ ಒಬ್ಬ ಹೆಂಗಸು ಕಟಕಟೆಗೆ ಮೊಣಕೈ ಊರಿ ನಿಂತಿದ್ದಳು.

"ಪರ್ಸು ಎಲ್ಲಿ ಹೋಯ್ತಮ್ಮ?" ಎಂದ ಭರ್ತಿರಾಯ.

"ಎಲ್ಲಿ ಅಂತ ಗೊತ್ತಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ? ಬಸ್ ಹತ್ತುವಾಗ ಇತ್ತು, ಇಳಿಯುವಾಗ ಇರ್ಲಿಲ್ಲ."

"ಬಸ್ಸು ಎಲ್ಲೆಲ್ಲಿ ಹೋಯ್ತು?"

"ಊರೆಲ್ಲಾ ಹೋಯ್ತು."

ಊರೆಲ್ಲಾ ಎಂದು ಬರೆದರೆ ಕಂಪ್ಯೂಟರ್ ಒಪ್ಪುವುದಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಭರ್ತಿರಾಯ ಒಂದು ಗಳಿಗೆ ಯೋಚಿಸಿದ. "ಈಗ ನೀವು ನಿಂತಿರೋದಂತೂ ಇಲ್ಲೇ ಅಲ್ವಾ?" ಎಂದು ಠಾಣೆಯ ವಿಳಾಸವನ್ನೇ ಹೊಡೆದ. ಕಂಪ್ಯೂಟರ್ ತೆಪ್ಪಗಾಯಿತು. ಅಂದಿನಿಂದ ಎಲ್ಲಿ ಎಂದು ಗೊತ್ತಾಗದ ಕಳವೆಲ್ಲ ನಮ್ಮ ಠಾಣೆ ಬೀದಿಯದೇ ಆಯಿತು. ದಾರಿಯಲ್ಲಿ ಬಿದ್ದುಹೋದ ಫೋನು, ಯಾರೋ ಫೋನಿನಲ್ಲಿ ಮಾತಾಡಿ ಯಾಮಾರಿಸಿದ್ದು, ಎಲ್ಲೋ ನಿಲ್ಲಿಸಿ ಮರೆತ ಸ್ಕೂಟರು, ಎಲ್ಲಕ್ಕೂ ನಮ್ಮ ಬೀದಿಯೇ ತವರುಮನೆ. ಇದರಲ್ಲಿ ಅವನಿಗೆ ಒಂದು ಚೂರೂ ಕೆಟ್ಟ ಬುದ್ಧಿ ಇರಲಿಲ್ಲ. ಮೇಲೆ ಯಾರೋ ಪರೀಕ್ಷೆ ಮಾಡುತ್ತಾರೆ ಎಂದು ಅವನು ತಿಳಿದಿದ್ದ. ಕೆಳಗೆ ಯಾರೋ ಪರೀಕ್ಷೆ ಮಾಡಿಯೇ ಕಳಿಸಿದ್ದಾರೆ ಎಂದು ಮೇಲಿನವರು ತಿಳಿದಿದ್ದರು. ಹೀಗೆ ಎರಡು ವರ್ಷ ನಡೆಯಿತು.

ಆಮೇಲೆ ನಕ್ಷೆ ಮೇಡಂ ಬಂದಳು. ಅಪರಾಧದ ಬಗ್ಗೆ ಸಂಶೋಧನೆ ಮಾಡುವ ಸರ್ಕಾರಿ ಕೇಂದ್ರದವಳು. ಚುರುಕಾದ ಹುಡುಗಿ, ಒಳ್ಳೆಯ ಓದು, ಪ್ಯಾಂಟಿನ ಅಂಚು ಮಾತ್ರ ಬಿಚ್ಚಿಹೋಗಿತ್ತು. ಅದನ್ನು ಹೊಲಿಸಲು ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. ಮಡಿಲಲ್ಲಿದ್ದ ಕಂಪ್ಯೂಟರ್ ತೆರೆದು ತೋರಿಸಿದಳು. ಇಡೀ ಊರು ಬಿಳಿ ಬಟ್ಟೆಯ ಹಾಗೆ ಹರಡಿಕೊಂಡಿತ್ತು, ನಡುವೆ ಕೆಂಪು ಶಾಯಿಯ ಬಾಟಲಿ ಉರುಳಿದ ಹಾಗೆ ಒಂದು ಕಲೆ.

"ಆಂಟಿ, ನೀವು ಕೂತಿರೋ ಜಾಗ ಇಡೀ ಊರಲ್ಲೇ ಅತಿ ಅಪಾಯದ ಜಾಗ. ಗೊತ್ತಾ?"

"ಗೊತ್ತು ಬಿಡಮ್ಮ. ಇಲ್ಲಿ ಅಪಾಯ ಅಂದ್ರೆ ನನ್ನ ಬಾಯೊಂದೇ."

"ನಗಬೇಡಿ ಆಂಟಿ. ಅಂಕಿಅಂಶ ಸುಳ್ಳು ಹೇಳಲ್ಲ."

"ಮತ್ತೆ ಕಣ್ಣು ಸುಳ್ಳು ಹೇಳುತ್ತಾ? ತಲೆ ಎತ್ತಿ ಹೊರಗೆ ನೋಡು. ಎದುರಿಗೆ ಪೊಲೀಸ್ ಠಾಣೆ, ಈ ಕಡೆ ಔಷಧಿ ಅಂಗಡಿ, ಆ ಕಡೆ ಶಾಲೆ ಗೋಡೆ. ಕಳ್ಳ ಎಲ್ಲಿ ನಿಂತ್ಕೋತಾನೆ ನೀನೇ ಹೇಳು."

ಅವಳ ಮುಖ ಊರಗಲವಾಯಿತು. "ಅದೇ ಆಂಟಿ ಇದರ ವಿಶೇಷ! ಪೊಲೀಸರ ಕಣ್ಣೆದುರೇ ಮಾಡ್ತಾರೆ ಅಂದ್ರೆ ಅವರಿಗೆ ಎಷ್ಟು ಧೈರ್ಯ ಇರಬೇಕು!" ಎಂದಳು. ಆ ಧೈರ್ಯಕ್ಕೆ ಒಂದು ಹೆಸರನ್ನೂ ಇಟ್ಟಿದ್ದಳು, 'ಠಾಣಾ ಸಾಮೀಪ್ಯ ಸಾಹಸ' ಎಂದು. ಅದರ ಮೇಲೆ ನೂರಾರು ಪುಟ ಬರೆದಿದ್ದಳಂತೆ. ಹೊರಗೆ ತಲೆ ಹಾಕಿ ನೋಡಲು ಮಾತ್ರ ಪುರುಸೊತ್ತಾಗಿರಲಿಲ್ಲ. ಸಂಜೆ ಭರ್ತಿರಾಯ ಎದೆ ಉಬ್ಬಿಸಿಕೊಂಡು ಮನೆಗೆ ಬಂದ. "ಅತ್ತಿಗೆ, ನಮ್ಮ ಠಾಣೆ ರಾಜ್ಯಕ್ಕೇ ಮೊದಲನೇದು!" ಯಾವುದರಲ್ಲೋ ಎಂದು ನಾನು ಕೇಳಲಿಲ್ಲ. ಆ ಕೆಂಪು ಕಲೆ ತನ್ನ ಬೆರಳಿನಿಂದಲೇ ಸೋರಿದ್ದು ಎಂದು ಆ ಮಂಕನಿಗೂ ಹೊಳೆಯಲಿಲ್ಲ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಸರ್ಕಾರ ಕಟ್ಟಿತು. ನಮ್ಮ ಬೀದಿಗೆ ಒಂದು ಜೀಪು ಬಂತು, ಅದು ನನ್ನ ಅಂಗಡಿಗೆ ಅಡ್ಡಲಾಗಿಯೇ ನಿಂತಿತು. ಕಂಬಕಂಬಕ್ಕೂ ಕ್ಯಾಮೆರಾ ಬಂತು, ನಾನು ಬಾಗಿಲಿಗೆ ನೀರು ಚೆಲ್ಲುವುದನ್ನು ದಿನಾ ಚಿತ್ರ ತೆಗೆಯಿತು. ಇವೆಲ್ಲ ಹಾಳಾಗಿ ಹೋಗಲಿ. ಅದರ ಜೊತೆಗೇ ಒಂದು ಹೊಸ ನೀತಿಯೂ ಬಂತು, ಅದಕ್ಕೆ ಅಪಾಯದ ಅಂಕ ಎಂದು ಹೆಸರು. ಯಾರನ್ನಾದರೂ ಹಿಡಿದರೆ ಅವನಿಗೆ ಜಾಮೀನು ಕೊಡಬೇಕೋ ಬೇಡವೋ ಎಂದು ಕಂಪ್ಯೂಟರ್ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತದೆ. ಆರು ದಾಟಿದರೆ ಒಳಗೇ ಇರಬೇಕು. ಕೆಂಪು ಬೀದಿಯಲ್ಲಿ ಮನೆ ಇದ್ದರೆ ಅದೊಂದಕ್ಕೇ ಐದು ಅಂಕ.

ನನ್ನ ಗಂಡ ಬಂಗಾರದಂಥ ಮನುಷ್ಯ, ಕೋಪ ಮಾತ್ರ ಮೂಗಿನ ತುದಿಯಲ್ಲೇ. ಒಂದು ಬೆಳಿಗ್ಗೆ ಯಾರೋ ಕಾರು ತಂದು ನಮ್ಮ ಮೆಟ್ಟಿಲಿಗೆ ಒತ್ತಿ ನಿಲ್ಲಿಸಿದ. ಇವರು ಪೈಪು, ಸ್ಪ್ಯಾನರ್ ಹೊತ್ತುಕೊಂಡು ಹೊರಗೆ ಬರಲು ದಾರಿಯಿಲ್ಲ. ತೆಗಿ ಎಂದರು, ತೆಗೆಯಲ್ಲ ಎಂದ. ಮಾತಿಗೆ ಮಾತು ಬೆಳೆಯಿತು. ಇವರು ಕಾರಿನ ಪಕ್ಕದ ಕನ್ನಡಿ ಹಿಡಿದು ಅಲ್ಲಾಡಿಸಿದರು, ಕನ್ನಡಿ ಕೈಗೇ ಬಂತು. ಅವನು ಯಾವುದೋ ದೊಡ್ಡ ಕಚೇರಿಯವನಂತೆ. ಬಡವನ ಕೋಪ ದವಡೆಗೆ ಮೂಲ. ಕನ್ನಡಿ ಕೈಯಲ್ಲಿರುವಾಗಲೇ ಎದುರಿನ ಠಾಣೆಯವರು ಬಂದು ಇವರನ್ನು ಹಿಡಿದುಕೊಂಡು ಹೋದರು. ಮೊದಲಾದರೆ ಸಂಜೆಗೆ ಬೈದು ಮನೆಗೆ ಕಳಿಸುವಂಥ ಕೇಸು.

ಮ್ಯಾಜಿಸ್ಟ್ರೇಟರು ಇವರ ಮುಖ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಕೈಯಲ್ಲಿದ್ದ ಹಾಳೆ ನೋಡಿದರು. "ನೋಡಿದ್ರೆ ಮರ್ಯಾದಸ್ಥರ ಹಾಗೇ ಕಾಣ್ತೀರಿ. ಆದ್ರೆ ಏಳು ಅಂಕ ಬಂದಿದೆ," ಎಂದರು. ತಿಂಗಳ ಸಂಬಳವಿಲ್ಲದ ಕಸುಬು ಎಂದು ಎರಡು, ಠಾಣೆ ಬೀದಿ ಎಂದು ಐದು. ನಕ್ಷೆ ಮೂರು ತಿಂಗಳಿಗೊಮ್ಮೆ ಹೊಸದಾಗುತ್ತದೆ, ಆ ಮೂರು ತಿಂಗಳ ದೂರಷ್ಟೇ ಲೆಕ್ಕಕ್ಕೆ, ಆಗ ಮತ್ತೆ ಅರ್ಜಿ ಹಾಕಿ ಎಂದು ನಮ್ಮ ವಕೀಲರು ಸಮಾಧಾನ ಹೇಳಿದರು. ನನ್ನ ಗಂಡ ಒಂದು ದಿನವೂ ಮನೆ ಬಿಟ್ಟು ಮಲಗಿದವರಲ್ಲ. ವ್ಯಾನು ಹತ್ತುವಾಗ "ಮೇಲಿನ ಟ್ಯಾಂಕಿನ ವಾಲ್ವು ನಿಲ್ಲಿಸೋದು ಮರೀಬೇಡ ಕಣೇ" ಎಂದರು. ಆ ಮಾತು ಕೇಳಿ ನನಗೆ ಅಳು ತಡೆಯಲು ಆಗಲಿಲ್ಲ.

ಆ ಸಂಜೆ ಭರ್ತಿರಾಯ ಊಟಕ್ಕೆ ಕೂತಿದ್ದ. ನಾನು ತಟ್ಟೆಯನ್ನು ಕುಕ್ಕಿ ಇಟ್ಟೆ. "ನಮ್ಮ ಬೀದೀಲಿ ಅಷ್ಟೊಂದು ಕಳ್ಳತನ ಆಗುತ್ತಂತಲ್ಲೋ! ಯಾವ ಕಳ್ಳ? ಯಾವಾಗ ಬಂದ? ಬೆಳಗಿಂದ ಸಂಜೇವರೆಗೂ ಇಲ್ಲೇ ಕೂತಿರ್ತೀನಲ್ಲ, ನನಗೆ ಒಬ್ಬನೂ ಕಾಣಲಿಲ್ಲ. ಆ ನಕ್ಷೆಯೋಳಿಗೆ ಈ ಸುಳ್ಳು ಹೇಳಿದ್ಯಾರು? ಅವನ ಕೈ ಸೇದಿಹೋಗ!"

ಅವನು ಅಗಿಯುವುದು ನಿಲ್ಲಿಸಿದ. ಬಲಗೈಯನ್ನು ತಿರುಗಿಸಿ ನೋಡಿಕೊಂಡ. "ಅತ್ತಿಗೆ," ಎಂದ, "ಅದು ನಾನೇ ಇರಬೇಕು."

ಎಲ್ಲವನ್ನೂ ಹೇಳಿದ. ಪರ್ಸಿನ ಹೆಂಗಸು, ಅರಚುವ ಕಂಪ್ಯೂಟರು, ಖಾಲಿ ಚೌಕ. ನಾನು ಏನೇನು ಬೈದೆನೋ ನನಗೇ ನೆನಪಿಲ್ಲ, ಔಷಧಿ ಅಂಗಡಿಯವನು ಮೆಟ್ಟಿಲವರೆಗೂ ಬಂದು ಇಣುಕಿ ಹೋದ. "ಒಡಹುಟ್ಟಿದ ಅಣ್ಣನ್ನೇ ಒಳಗೆ ಹಾಕಿಸಿದೆಯಲ್ಲೋ ಪಾಪಿ! ನಿನಗೆ ಅನ್ನ ಹಾಕಿ ಬೆಳೆಸಿದ್ದು ಇದಕ್ಕಾ?" ಅವನು ಕೈ ತೊಳೆದುಕೊಂಡು ಮೂಲೆಯಲ್ಲಿ ಕೂತ.

ಬೆಳಿಗ್ಗೆ ಅವನನ್ನು ಕರೆದುಕೊಂಡು, ಅಂದರೆ ಎಳೆದುಕೊಂಡು, ಬೀದಿ ದಾಟಿ ಇನ್ಸ್‌ಪೆಕ್ಟರ ಕೋಣೆಗೆ ಹೋದೆ. ಇನ್ಸ್‌ಪೆಕ್ಟರು ಪೂರ್ತಿ ಕೇಳಿಸಿಕೊಂಡರು. ಎದ್ದು ಬಾಗಿಲು ಹಾಕಿ ಬಂದರು.

"ಅಲ್ಲಮ್ಮ, ಈ ಕೆಂಪು ಬಣ್ಣದಿಂದ ನನಗೆ ಒಂದು ಜೀಪು ಬಂದಿದೆ, ಆರು ಜನ ಪೇದೆಗಳು ಬಂದಿದ್ದಾರೆ. ಮೊನ್ನೆ ಮಂತ್ರಿಗಳು ಬಂದು ಬೆನ್ನು ತಟ್ಟಿ ಹೋದ್ರು. ಈಗ ಇಲ್ಲಿ ಕಳ್ಳರೇ ಇಲ್ಲ ಅಂತ ಹೇಳೋಕಾಗುತ್ತಾ?"

"ಇದ್ರೆ ತಾನೆ ಸಾರ್ ಇದ್ದಾರೆ ಅನ್ನೋದು!"

"ನೀವು ಸ್ವಲ್ಪ ಸುಮ್ನಿರಿ." ಅವರು ನಕ್ಷೆ ಮೇಡಂಗೆ ಫೋನ್ ಹಚ್ಚಿದರು, ನಮಗೂ ಕೇಳುವಂತೆ ಮೇಜಿನ ಮೇಲಿಟ್ಟರು. ವಿಷಯವನ್ನೆಲ್ಲ ಹೇಳಿದರು. ಆ ಹುಡುಗಿ ಮೆಲ್ಲಗೆ ಹೇಳಿದಳು, "ಹಳೇ ದಾಖಲೆ ಮುಟ್ಟೋ ಹಾಗಿಲ್ಲ. ಮುಟ್ಟಿದ್ರೆ ದತ್ತಾಂಶದ ಪಾವಿತ್ರ್ಯ ಹೋಗುತ್ತೆ. ಅದರ ಮೇಲೆ ಎರಡು ಕಾನೂನು ಆಗಿಬಿಟ್ಟಿವೆ ಸಾರ್. ಮುಂದೆ ಹತ್ತಿಸೋದನ್ನ ಬೇಕಾದ್ರೆ ಸರಿಯಾಗಿ ಹತ್ತಿಸಿ."

"ಚೌಕ ಖಾಲಿ ಬಿಡಬಹುದಾ ಮೇಡಂ?" ಎಂದ ಭರ್ತಿರಾಯ.

"ಖಾಲಿ ಬಿಟ್ರೆ ನಕ್ಷೆ ಹೇಗ್ರೀ ಬರುತ್ತೆ?"

ಪಾವಿತ್ರ್ಯವಂತೆ! ನನ್ನ ಗಂಡನ ಮರ್ಯಾದೆ ಹೋದರೆ ಅಡ್ಡಿಯಿಲ್ಲ, ಅವರ ಸುಳ್ಳು ಮೈಲಿಗೆಯಾಗಬಾರದು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ; ಇಲ್ಲಿ ಮೇಕೆಯನ್ನು ಜೈಲಿಗೂ ಹಾಕಿ ಅದರ ಮೇಲೆ ಪುಸ್ತಕವನ್ನೂ ಬರೆದಿದ್ದರು. ನಾನು ಅಷ್ಟನ್ನೂ ಹೇಳಿಯೇ ಹೊರಗೆ ಬಂದೆ.

ಎರಡು ದಿನದ ಮೇಲೆ ಭರ್ತಿರಾಯ ಅಂಗಡಿಯೊಳಗೆ ಬಂದು ನಿಂತ. "ಅತ್ತಿಗೆ, ಇನ್ನು ಮೇಲೆ ನಮ್ಮ ಬೀದಿ ಹಾಕಲ್ಲ. ಯಾರಿಗೂ ತೊಂದ್ರೆ ಆಗದ ಜಾಗ ಹುಡುಕಿದ್ದೀನಿ. ಹಳೇ ಸ್ಮಶಾನದ ರಸ್ತೆ. ಅಲ್ಲಿ ಯಾರಿದ್ದಾರೆ ಹೇಳಿ?"

ನನಗೂ ಅದು ಬುದ್ಧಿವಂತಿಕೆಯಾಗಿಯೇ ಕಂಡಿತು. ಸತ್ತವರು ಜಾಮೀನು ಕೇಳುತ್ತಾರೆಯೇ? ಹತ್ತಿಸು ಎಂದೆ.

ಮೂರು ತಿಂಗಳಾಯಿತು, ಹೊಸ ನಕ್ಷೆ ಬಂತು. ನಮ್ಮ ಬೀದಿ ಒಗೆದ ಬಟ್ಟೆಯ ಹಾಗೆ ಬೆಳ್ಳಗಾಗಿತ್ತು. ಆಹಾ, ಆವತ್ತಿನ ಸಂಭ್ರಮ ನೋಡಬೇಕಿತ್ತು! ಠಾಣೆಯ ಮುಂದೆ ಶಾಮಿಯಾನ ಹಾಕಿದರು. ಇನ್ಸ್‌ಪೆಕ್ಟರಿಗೆ ಶಾಲು ಹೊದಿಸಿದರು. ಕ್ಯಾಮೆರಾ ಮತ್ತು ಜೀಪಿನಿಂದ ಅಪರಾಧ ಹೇಗೆ ಇಳಿಯಿತು ಎಂದು ನಕ್ಷೆ ಮೇಡಂ ಕೋಲು ಹಿಡಿದು ತೋರಿಸಿದಳು, ನಮ್ಮ ಕಡೆ ಮಾತ್ರ ಒಂದು ಸಲವೂ ತಿರುಗಲಿಲ್ಲ. ಕಳ್ಳರೆಲ್ಲ ಹೆದರಿ ಸ್ಮಶಾನಕ್ಕೆ ಓಡಿಹೋಗಿದ್ದಾರಂತೆ, ಗೋರಿಗಳ ಮರೆಯಲ್ಲಿ ಅವಿತಿದ್ದಾರಂತೆ. ಜೀಪು ಅಲ್ಲಿಗೆ ಹೋಯಿತು. ನನಗೆ ಅದ್ಯಾವುದೂ ಬೇಕಿರಲಿಲ್ಲ. ನನ್ನ ಗಂಡನಿಗೆ ಈಗ ಎರಡೇ ಅಂಕ, ಅದೇ ಮ್ಯಾಜಿಸ್ಟ್ರೇಟರು ಅದೇ ಮುಖ ನೋಡಿ ಜಾಮೀನು ಕೊಟ್ಟರು. ಮನೆಗೆ ಬಂದವರು ಇಳಿದುಹೋಗಿದ್ದರು. ಬಂದವರೇ ಮೊದಲು ಟ್ಯಾಂಕು ಹತ್ತಿ ವಾಲ್ವು ನೋಡಿದರು.

ಅವರು ಬಂದ ಒಂದು ವಾರಕ್ಕೆ, ಮೂವರೂ ಸಂಜೆ ಚಹಾ ಕುಡಿಯುತ್ತಿದ್ದಾಗ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದಳು. ಸ್ಮಶಾನದಲ್ಲಿ ಗುಂಡಿ ತೋಡುವವನ ಹೆಂಡತಿ, ವರ್ಷಕ್ಕೊಮ್ಮೆ ಮಗಳ ಶಾಲೆಯ ಬಟ್ಟೆ ಹೊಲಿಸಲು ನನ್ನ ಹತ್ತಿರ ಬರುತ್ತಾಳೆ. ಒಳಗೆ ಬಾ ಎಂದರೂ ಹೊಸ್ತಿಲಲ್ಲೇ ಕೂತಳು.

"ಅಕ್ಕ, ನಿಮ್ಮ ಮೈದುನರು ಪೊಲೀಸಲ್ವಾ, ಒಂಚೂರು ಕೇಳಿ ಹೇಳ್ತಾರಾ ಅಂತ ಬಂದೆ. ನಮ್ಮ ಯಜಮಾನ್ರನ್ನ ಹಿಡ್ಕೊಂಡು ಹೋಗಿದ್ದಾರೆ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗ್ತಿದ್ರು, ಹೊಸ ಜೀಪಿನೋರು ನಿಲ್ಲಿಸಿದ್ರಂತೆ. ಸ್ಮಶಾನದಲ್ಲಿ ಗುದ್ದಲಿ ಯಾಕೆ ಹಿಡ್ಕೊಂಡಿದ್ದೀಯ ಅಂತ ಕೇಳಿದ್ರಂತೆ."

"ಸ್ಮಶಾನದಲ್ಲಿ ಗುದ್ದಲಿ ಹಿಡೀದೆ ಛತ್ರಿ ಹಿಡೀತಾರಾ!" ಎಂದೆ ನಾನು.

"ಇವರೂ ಹಾಗೇ ಅಂದ್ರಂತೆ ಅಕ್ಕ. ಎದುರು ಮಾತಾಡಿದ, ತಳ್ಳಿದ ಅಂತ ಕೇಸು ಹಾಕಿದ್ದಾರೆ. ಜಾಮೀನು ಕೇಳಿದ್ರೆ ಅಂಕ ಜಾಸ್ತಿ ಇದೆ ಅಂದ್ರು. ಏನಂಕ ಅಂತ ನಮಗೇನು ಗೊತ್ತು? ಇವರು ಶಾಲೆಗೇ ಹೋದವರಲ್ಲ."

ಭರ್ತಿರಾಯ ಚಹಾದ ಲೋಟವನ್ನು ಕೆಳಗಿಟ್ಟ. ನಾನು ಅವನಿಗೆ ಕಣ್ಣು ಸನ್ನೆ ಮಾಡಿದೆ, ಬೇಡ ಎಂದು. ನನ್ನ ಗಂಡ ಬಂದು ಒಂದು ವಾರವಾಗಿತ್ತಷ್ಟೆ. ಸ್ಮಶಾನದಿಂದ ತೆಗೆದರೆ ಆ ಸುಳ್ಳೆಲ್ಲ ಮತ್ತೆ ಎಲ್ಲಿಗೆ ಬಂದು ಬೀಳುತ್ತದೆ ಎಂದು ನನಗೆ ಗೊತ್ತಿತ್ತು.

ಅವನು ನನ್ನ ಕಣ್ಣು ನೋಡಿಯೂ ನೋಡದವನಂತೆ, "ಅಮ್ಮ, ನಿಮ್ಮ ಯಜಮಾನ್ರನ್ನ ಒಳಗೆ ಹಾಕಿಸಿದ್ದು ನಾನು," ಎಂದ. ಚೌಕದ ಕಥೆಯನ್ನು ಅವಳಿಗೆ ಅರ್ಥವಾಗುವ ಹಾಗೆ ಹೇಳಿದ.

ಅವಳು ಬೈಯಲಿಲ್ಲ. "ಊರಲ್ಲಿ ಅಷ್ಟೊಂದು ಬೀದಿ ಇದಾವಲ್ಲಪ್ಪ. ನಮ್ಮದನ್ನೇ ಯಾಕೆ ಹಾಕಿದ್ರಿ?"

"ಅಲ್ಲಿ ಯಾರೂ ಇಲ್ಲ ಅಂದ್ಕೊಂಡೆ."

"ಹನ್ನೊಂದು ಮನೆ ಇದೀವಿ," ಎಂದಳು ಅವಳು.

ನನ್ನ ಗಂಡನಿಗೆ ತಾನು ಹೇಗೆ ಹೊರಗೆ ಬಂದೆ ಎಂದು ಆವರೆಗೆ ಗೊತ್ತಿರಲಿಲ್ಲ, ನಾವು ಹೇಳಿರಲಿಲ್ಲ. ಅವರು ತಮ್ಮನ ಕಡೆ ತಿರುಗಿ, "ನನ್ನನ್ನ ಬಿಡಿಸೋಕೆ ಸುಳ್ಳು ಬರೆದೆ. ಅವನನ್ನ ಬಿಡಿಸೋಕಾದ್ರೂ ನಿಜ ಹೇಳು," ಎಂದರು.

"ನಿಮ್ಮನ್ನ ಮತ್ತೆ ಹಿಡ್ಕೊಂಡು ಹೋದ್ರೆ?" ಎಂದು ನಾನು ಕೂಗಿದೆ.

"ಆಗ ನೋಡೋಣ ಬಿಡೇ."

ಮಾರನೆಯ ದಿನ ಭರ್ತಿರಾಯ ಕೋರ್ಟಿಗೆ ಹೋದ. ಪ್ರಮಾಣ ಮಾಡಿ ಎಲ್ಲವನ್ನೂ ಹೇಳಿದ. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದಿಟ್ಟು ಕೇಳಿದರು, ಟೈಪು ಮಾಡುವವರು ಒಂದಕ್ಷರ ಬಿಡದೆ ಬರೆದುಕೊಂಡರು. ವಿಷಯ ಮೇಲಿನವರಿಗೆ ಹೋಯಿತು. ಹಳೆಯದನ್ನು ಮುಟ್ಟುವ ಹಾಗಿಲ್ಲ ಎಂದಿದ್ದವರು ಈಗ ಒಂದೇ ಸಂಜೆಯಲ್ಲಿ ಸ್ಮಶಾನದ ರಸ್ತೆಯದನ್ನೆಲ್ಲ ಗೋರಿಕೊಂಡು ತಂದು ನಮ್ಮ ಠಾಣೆ ಬೀದಿಗೇ ಮತ್ತೆ ಸುರಿದರು. ಪಾವಿತ್ರ್ಯಕ್ಕೆ ಏನೂ ಆಗಲಿಲ್ಲ. ಗುಂಡಿ ತೋಡುವವನ ಅಂಕ ಇಳಿಯಿತು, ಅವನು ಹೊರಗೆ ಬಂದ. ನನ್ನ ಗಂಡನ ತಂಟೆಗೆ ಯಾರೂ ಬರಲಿಲ್ಲ. ಒಮ್ಮೆ ಬಿಟ್ಟವರ ಅಂಕ ಮತ್ತೆ ಲೆಕ್ಕ ಹಾಕುವ ಪದ್ಧತಿ ಇನ್ನೂ ಬಂದಿಲ್ಲವಂತೆ. ಆದರೆ ಸರ್ಕಾರಿ ದಾಖಲೆಯಲ್ಲಿ ಸುಳ್ಳು ಬರೆದ ಎಂದು ಭರ್ತಿರಾಯನನ್ನು ಹಿಡಿದರು.

ಅವನನ್ನು ನಿಲ್ಲಿಸಿದ್ದು ಅದೇ ಮ್ಯಾಜಿಸ್ಟ್ರೇಟರ ಮುಂದೆ. ಮೊನ್ನೆಯಷ್ಟೇ ಅವನ ಬಾಯಿಂದಲೇ ಎಲ್ಲ ಕೇಳಿದ್ದವರು. ಹಾಳೆ ಬಂತು. ಸರ್ಕಾರಿ ದಾಖಲೆಯ ಕೇಸು ಎಂದು ಎರಡು, ಠಾಣೆ ಬೀದಿಯಲ್ಲಿ ವಾಸ ಎಂದು ಐದು.

"ಸ್ವಾಮಿ, ಆ ಐದು ಅಂಕ ಸುಳ್ಳು ಅಂತ ಹೇಳಿದ್ದಕ್ಕೇ ತಾನೆ ಇವನನ್ನ ಹಿಡಿದಿರೋದು!" ಎಂದರು ನಮ್ಮ ವಕೀಲರು.

"ಹೌದು, ನನಗೂ ಗೊತ್ತು," ಎಂದರು ಮ್ಯಾಜಿಸ್ಟ್ರೇಟರು, ನಿಜವಾಗಿಯೂ ನೊಂದುಕೊಂಡೇ. "ಆದ್ರೆ ಅದು ಸುಳ್ಳು ಅಂತ ವಿಚಾರಣೆಯಲ್ಲಿ ಸಾಬೀತಾಗಬೇಕಲ್ಲ. ಅಲ್ಲೀವರೆಗೂ ಅಂಕ ಅಂಕವೇ." ಜಾಮೀನು ಇಲ್ಲ ಎಂದು ಸಹಿ ಹಾಕಿದರು.

ಈಗ ವಾರಕ್ಕೊಮ್ಮೆ ನಾವು ಜೈಲಿಗೆ ಹೋಗುತ್ತೇವೆ, ನಾನು, ನನ್ನ ಗಂಡ, ಕೆಲವು ಸಲ ಗುಂಡಿ ತೋಡುವವನೂ ಬರುತ್ತಾನೆ. ಜೀಪು ಮತ್ತೆ ನನ್ನ ಅಂಗಡಿಗೆ ಅಡ್ಡ ನಿಂತಿದೆ. ಹೋದ ವಾರ ಭರ್ತಿರಾಯ ಜಾಲರಿಗೆ ಮುಖ ಒತ್ತಿಕೊಂಡು, "ಅತ್ತಿಗೆ, ಬೀದಿ ಹೇಗಿದೆ? ಕಳವು ಗಿಳವು ಏನಾದ್ರೂ ಆಯ್ತಾ?" ಎಂದು ನಗಿಸಲು ನೋಡಿದ.

ನನಗೆ ನಗು ಬರಲಿಲ್ಲ. "ಆಯ್ತು ಕಣೋ," ಎಂದೆ. "ನಮ್ಮ ಮನೆಯಿಂದ ನಿನ್ನ ಎತ್ಕೊಂಡು ಹೋದ್ರಲ್ಲ."